ಜಾಗ ಹೆಚ್ಚಾಗ್ಯಾದ

ಮನೆಯಲ್ಲಿ ಏನೇ ತೀರಿದರೂ ‘ತೀರಿತು’ ಎನ್ನಬಾರದು ಎಂದು ನನಗೆ ಕಲಿಸಿದವರು ನಮ್ಮ ಅತ್ತೆ. ಅಕ್ಕಿ ಖಾಲಿಯಾದರೆ ‘ಅಕ್ಕಿ ಹೆಚ್ಚಾಗ್ಯಾವ’ ಅನ್ನಬೇಕು. ಎಣ್ಣೆ ತಳ ಕಂಡರೆ ‘ಎಣ್ಣಿ ಹೆಚ್ಚಾಗ್ಯಾದ’. ಇಲ್ಲ ಎಂಬ ಮಾತನ್ನು ಲಕ್ಷ್ಮಿ ಹೊಸ್ತಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಾಳಂತೆ. ನಮ್ಮ ಶಹಾಪುರದ ಕಿರಾಣಿ ಅಂಗಡಿಯವನಿಗೆ ‘ಸಕ್ಕರಿ ಹೆಚ್ಚಾಗ್ಯಾದಪ್ಪ’ ಎಂದರೆ ಸಾಕು, ಮರುಮಾತಿಲ್ಲದೆ ಎರಡು ಕಿಲೋ ಕಟ್ಟಿಕೊಡುತ್ತಾನೆ. ಲಕ್ಷ್ಮಿಗೂ ತಿಳಿಯುವ, ಕಿರಾಣಿಯವನಿಗೂ ತಿಳಿಯುವ ಮಾತು ಲೋಕಕ್ಕೆಲ್ಲ ತಿಳಿಯುತ್ತದೆ ಎಂದುಕೊಂಡಿದ್ದೆ. ನಮ್ಮ ಡಬ್ಬಿಯ ದೆಸೆಯಿಂದ ಆ ಭ್ರಮೆ ಹೋಯಿತು.

ಡಬ್ಬಿ ಎಂದರೆ ಡಬ್ಬಿಯಲ್ಲ. ನಮ್ಮ ಯಜಮಾನರಿಗೆ ಫೋಟೋ ಸ್ಟುಡಿಯೋ ಇದೆ. ತೆಗೆದ ಫೋಟೋ, ವಿಡಿಯೋ, ಮನೆಯವರ ಮೊಬೈಲಿನಲ್ಲಿದ್ದದ್ದು ಎಲ್ಲವನ್ನೂ ವೈಫೈ ಮೂಲಕ ಎಳೆದುಕೊಂಡು ಹೊಟ್ಟೆಯಲ್ಲಿಟ್ಟುಕೊಳ್ಳುವ ಒಂದು ಯಂತ್ರ ತಂದರು. ಅದರ ಹೆಸರು ನಾಸ್ ಎಂದರು. ಅತ್ತೆ ಬೆಚ್ಚಿಬಿದ್ದು, “ನಾಶ? ಮನ್ಯಾಗ ಇಡೋ ಸಾಮಾನಿಗಿ ಎಂಥ ಹೆಸರೋ ಇದು!” ಎಂದರು. ಅಂದಿನಿಂದ ಅದು ಡಬ್ಬಿ. ಇನ್ವರ್ಟರ್ ಪ್ಲಗ್ಗು ಇರುವುದು ದೇವರ ಕೋಣೆಯಲ್ಲಿ ಮಾತ್ರವಾದ್ದರಿಂದ ಡಬ್ಬಿಯೂ ಅಲ್ಲೇ ಕೂತಿತು. ದಿನಾ ದೇವರಿಗೆ ವಿಭೂತಿ ಹಚ್ಚುವಾಗ ಬೆರಳಲ್ಲಿ ಉಳಿದದ್ದನ್ನು ನಾನು ಅದಕ್ಕೂ ಹಚ್ಚುತ್ತೇನೆ. ಗಾಳಿಯಾಡುವ ಕಿಂಡಿಗೆ ಹಚ್ಚಬೇಡ ಎಂದು ಯಜಮಾನರು ಬೈದಮೇಲೆ ನೆತ್ತಿಗೆ ಹಚ್ಚುತ್ತಿದ್ದೇನೆ.

ಆ ಡಬ್ಬಿಯಲ್ಲಿ ನಮ್ಮ ಪಾಲಿನ ಬಂಗಾರ ಒಂದಿದೆ. ಅತ್ತೆ ಹಾಡಿದ ಪದಗಳು. ಗಂಟಲಿನ ಆಪರೇಷನ್ ಆದಮೇಲೆ ಅವರ ಧ್ವನಿ ಪಿಸುಮಾತಿಗೆ ಇಳಿದಿದೆ. ಮಾತಾದರೂ ಉಳಿಯಿತಲ್ಲ, ಶಿವ ದೊಡ್ಡವನು. ಹಿಂದೊಮ್ಮೆ ಯಜಮಾನರು ಒಂದು ಜೋಗುಳವನ್ನೂ ಒಂದು ಕುಬಸದ, ಅಂದರೆ ಸೀಮಂತದ, ಪದವನ್ನೂ ಅಡುಗೆಮನೆಯಲ್ಲೇ ರೆಕಾರ್ಡ್ ಮಾಡಿಟ್ಟಿದ್ದರು. ಈಗ ಸುರಪುರದಲ್ಲಿ ನಾದಿನಿಯ ಮಗಳು ಸುಧಾಳ ಕುಬಸ. ಚೊಚ್ಚಲ ಬಸುರಿ, ಅಜ್ಜಿಯ ಪದವೇ ಬೇಕೆಂದು ಫೋನಿನಲ್ಲೇ ಹಟ ಹಿಡಿದಳು: “ಅತ್ತಿ, ನಮ್ಮಾಯಿ ಪದ ಕೇಳಲಾರದ ನಾ ಉಡಿ ತುಂಬಿಸ್ಕೊಳ್ಳಂಗಿಲ್ಲ ನೋಡ್ರಿ.”

ಕುಬಸದ ಹಿಂದಿನ ದಿನ ಯಜಮಾನರು ಯಾದಗಿರಿಯಲ್ಲಿ ಮದುವೆಯ ಫೋಟೋಕ್ಕೆ ಹೋಗಿದ್ದರು. ನನ್ನ ಮೊಬೈಲಿನಲ್ಲಿ ಡಬ್ಬಿಯದೊಂದು ಸಂದೇಶ. ಹೊಸ ಫರ್ಮ್‌ವೇರ್ ಬಂದಿದೆಯಂತೆ, ಅಂದರೆ ಡಬ್ಬಿಗೆ ಹೊಸ ಬುದ್ಧಿ. ಇನ್ನುಮುಂದೆ ಕೆಲಸವಿಲ್ಲದಾಗ ತಾನೇ ಮಲಗುವುದು, ಕರೆದರೆ ಏಳುವುದು, ಒಂದೇ ತರಹದ್ದು ಎರಡಿದ್ದರೆ ಒಂದನ್ನು ಎತ್ತಿ ಕಸದ ಬುಟ್ಟಿಗೆ ಹಾಕುವುದು. ಕೆಲಸವಿಲ್ಲದಾಗ ಮಲಗುವುದೊಂದನ್ನು ಬಿಟ್ಟರೆ ಇದೆಲ್ಲ ನಾನು ಮದುವೆಯಾದಾಗಿನಿಂದ ಮಾಡುತ್ತಿದ್ದೇನೆ, ಯಾರೂ ಸಂದೇಶ ಕಳಿಸಲಿಲ್ಲ. ಪಾಪ, ಅದಕ್ಕಾದರೂ ಬುದ್ಧಿ ಬರಲಿ ಎಂದು ‘ಸರಿ’ ಒತ್ತಿದೆ.

ಸಂಜೆ ದೀಪ ಹಚ್ಚಿ ಮೊಬೈಲಿನಲ್ಲಿ ಡಬ್ಬಿ ತೆರೆದು ನೋಡುತ್ತೇನೆ, ಜೋಗುಳ ಇದೆ, ಕುಬಸದ ಪದ ಇಲ್ಲ! ಮೇಲೆ ಕೆಂಪಕ್ಷರದಲ್ಲಿ ಜಾಗ ಮುಗಿದಿದೆ ಎಂಬ ಎಚ್ಚರಿಕೆ. ಜಾಗವಿಲ್ಲದೆ ಪದ ಎಲ್ಲೋ ಸಿಕ್ಕಿಕೊಂಡಿದೆ ಎಂದುಕೊಂಡೆ. ಯಜಮಾನರು ಫೋನ್ ಎತ್ತಲಿಲ್ಲ. ಕಂಪನಿಯ ಸಹಾಯದ ನಂಬರಿಗೆ ಫೋನ್ ಹಚ್ಚಿದೆ. ಮೈಸೂರು ಕಡೆಯ ಮೆತ್ತನೆಯ ಮಾತಿನ ಹುಡುಗ.

“ಹೇಳಿ ಮೇಡಂ, ಏನ್ ತೊಂದರೆ?”

“ಡಬ್ಬ್ಯಾಗ ಜಾಗ ಹೆಚ್ಚಾಗ್ಯಾದ್ರಿ.”

“ಜಾಗ ಹೆಚ್ಚಾಗಿದ್ರೆ ಒಳ್ಳೇದೇ ಅಲ್ವಾ ಮೇಡಂ?”

“ಹಂಗಲ್ರಿ ಅಣ್ಣಾ. ಹೆಚ್ಚಾಗ್ಯಾದ ಅಂದ್ರ... ಖಾಲಿ ಆಗ್ಯಾದ್ರಿ.” ಆಡಬಾರದ ಮಾತು ದೇವರ ಕೋಣೆಯಲ್ಲೇ ಆಡಿದೆ.

ಹುಡುಗ ಗಾಬರಿಯಾದ. “ಡಿಸ್ಕ್ ಖಾಲಿನಾ? ಎಲ್ಲಾ ಡಿಲೀಟ್ ಆಗೋಯ್ತಾ ಮೇಡಂ?”

ಅವನ ಗಾಬರಿ ನನಗೂ ಹತ್ತಿ ಕಣ್ಣಲ್ಲಿ ನೀರು ಬಂತು. ಹೊರಸಿನ ಮೇಲೆ ಕೂತಿದ್ದ ಅತ್ತೆ ಸನ್ನೆ ಮಾಡಿ ಕರೆದು ಪಿಸುಗುಟ್ಟಿದರು: “ತುಂಬ್ಯಾದ ಅನ್ನಬಾರದೇನ ಶರಣವ್ವ? ಒಳ್ಳೇ ಮಾತು ಇದ್ದಾಗ ಯಾಕ ಒದ್ದಾಡ್ತಿ?”

ಹೌದಲ್ಲ! ಜಾಗ ಮುಗಿದಿದೆ ಎಂದರೆ ಡಬ್ಬಿ ತುಂಬಿದೆ ಎಂದೇ ಅರ್ಥ. ಇಷ್ಟು ಶುಭದ ಮಾತು ಎದುರಿಗಿದ್ದರೂ ನನಗೆ ಹೊಳೆದಿರಲಿಲ್ಲ. ತುಂಬಿದೆ ಎಂದದ್ದೇ ಹುಡುಗನಿಗೆ ಜೀವ ಬಂತು. “ಅಷ್ಟೇನಾ! ಕಸದ ಬುಟ್ಟಿ ಅಂತ ಇದೆಯಲ್ಲ ಮೇಡಂ, ಅದನ್ನ ಒತ್ತಿ ಪೂರ್ತಿ ಖಾಲಿ ಮಾಡಿಬಿಡಿ.”

“ಈಗಾ? ಆಗಂಗಿಲ್ರಿ.”

“ಯಾಕೆ ಮೇಡಂ?”

“ದೀಪ ಹಚ್ಚೀನ್ರಿ. ದೀಪ ಹಚ್ಚಿದ ಮ್ಯಾಲ ಮನಿ ಕಸ ಹೊರಗ ಹಾಕಂಗಿಲ್ರಿ.”

“ಮೇಡಂ, ಅದು ನಿಜವಾದ ಕಸ ಅಲ್ಲ...”

“ಇರಲಿ ಬಿಡ್ರಿ ಅಣ್ಣಾ, ಮುಂಜಾನಿ ಹಾಕ್ತೀನಿ. ನಿಮಗ ಪುಣ್ಯ ಬರಲಿ.” ಫೋನಿಟ್ಟೆ.

ಊಟದ ಹೊತ್ತಿಗೆ ಯಜಮಾನರು ಬಂದರು. ನನ್ನ ಮುಖ ನೋಡಿ ಬೈಯದೆ ಮೊಬೈಲ್ ಇಸಿದುಕೊಂಡು ಆ ಬುಟ್ಟಿಯನ್ನೇ ತೆರೆದರು. ಹರಿದ ಹಾಳೆಗಳ ನಡುವೆ ಬಂಗಾರದ ಬೆಂಡೋಲೆ ಸಿಕ್ಕ ಹಾಗೆ ಅಲ್ಲಿತ್ತು ಕುಬಸದ ಪದ! ಡಬ್ಬಿ ಅದನ್ನೂ ಜೋಗುಳವನ್ನೂ ಒಂದೇ ಎಂದು ತಿಳಿದು ಒಂದನ್ನು ಕಸಕ್ಕೆ ಹಾಕಿತ್ತು. ನಾನು ಹುಡುಗನ ಮಾತು ಕೇಳಿದ್ದರೆ ಪದವೇ ಹೋಗುತ್ತಿತ್ತು. “ನೋಡ್ರಿ, ದೀಪ ಹಚ್ಚಿದ ಪುಣ್ಯ!” ಎಂದು ಹಿಗ್ಗಿದೆ.

“ಅದಿರಲಿ, ಎರಡೂ ಬ್ಯಾರೆ ಬ್ಯಾರೆ ಪದ, ಒಂದೇ ಅಂತ ಹ್ಯಾಂಗ ತಿಳೀತು ಇದು?” ಎಂದು ಯಜಮಾನರು ಎರಡನ್ನೂ ಕೊನೆಯತನಕ ಕೇಳಿಸಿದರು. ಎರಡರ ಕೊನೆಯಲ್ಲೂ ನನ್ನದೇ ದೊಡ್ಡ ಗಂಟಲು: “ಅತ್ತೀ, ಹಾಲು ಉಕ್ಕಾಕತ್ತಾವ!” ಯಜಮಾನರು ನಕ್ಕರು. “ಡಬ್ಬೀದು ತಪ್ಪಿಲ್ಲ ಬಿಡು. ಅದಕ್ಕ ನಿನ್ನ ಧ್ವನಿ ಒಂದೇ ಕೇಳ್ಯಾದ.”

ಮರುದಿನ ಸುರಪುರದಲ್ಲಿ ಹಸಿರು ಸೀರೆ ಉಟ್ಟು ಕೂತ ಸುಧಾಳ ಮುಂದೆ ಪದ ಹಚ್ಚಿದೆವು. ಅತ್ತೆಯ ಹಳೆಯ ತುಂಬು ಧ್ವನಿ ಮನೆಯೆಲ್ಲ ಹರಡಿತು. ಧ್ವನಿಯಿಲ್ಲದ ಅತ್ತೆ ತುಟಿ ಆಡಿಸುತ್ತಾ ಮೊಮ್ಮಗಳ ಉಡಿ ತುಂಬಿದರು. ಸುಧಾ ಅತ್ತಳು, ನನಗೂ ಅಳು ಬಂತು. ಅಷ್ಟರಲ್ಲಿ “ಹಾಲು ಉಕ್ಕಾಕತ್ತಾವ!” ಎಂದು ಕೇಳಿ ಬೀಗರ ಮನೆಯ ಮುದುಕಿಯೊಬ್ಬರು ಗಡಬಡಿಸಿ ಎದ್ದು ಅಡುಗೆಮನೆಗೆ ಓಡಿದರು.

ಊಟವಾದಮೇಲೆ ಹುಡುಗಿಯರೆಲ್ಲ ಮೊಬೈಲಿಗೆ ಕಿವಿಗೊಟ್ಟು ಪದ ಕಲಿತರು. ಚಪ್ಪಾಳೆ ತಟ್ಟಿ ಹಾಡಿ, ಕೊನೆಗೆ ಎಲ್ಲರೂ ರಾಗವಾಗಿ ಒಕ್ಕೊರಲಿನಿಂದ, “ಅತ್ತೀ, ಹಾಲು ಉಕ್ಕಾಕತ್ತಾವ!” ಎಂದರು.

“ಅದು ಪದ ಅಲ್ರವ್ವ!” ಎಂದೆ.

“ಇಲ್ರಿ ಅತ್ತಿ, ಪದದಾಗೇ ಅದ” ಎಂದಳು ಒಬ್ಬಳು.

ಅತ್ತೆ ನನ್ನ ಕೈ ಒತ್ತಿ ಪಿಸುಗುಟ್ಟಿದರು: “ಇರಲಿ ಬಿಡವ್ವ. ಪದ ಹೆಚ್ಚಾಗ್ಯಾದ.”

ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮಾತು ನನಗೆ ಮೈಸೂರು ಕಡೆಯ ಆ ಹುಡುಗನಿಗೆ ಕೇಳಿಸಿದ ಹಾಗೆಯೇ ಕೇಳಿಸಿತು. ಕಣ್ಣೊರೆಸಿಕೊಳ್ಳುತ್ತಾ ಕೂತೆ. ಒಳಗಿನಿಂದ ಸೀದ ವಾಸನೆ ಬಂತು. ಚಹಾಕ್ಕೆಂದು ಒಲೆಯ ಮೇಲೆ ಹಾಲಿಟ್ಟು ಬಂದವಳು ನಾನೇ.