‘ಮೇ’ಗೆ ಎರಡು ಅರ್ಥ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವ ನನಗೆ ನಗುವಿಗೇನೂ ಬರವಿಲ್ಲ. ಕ್ಯಾನ್, ಮೇ, ಮಸ್ಟ್ ಶುರುವಾದ ದಿನವಂತೂ ಒಂದಲ್ಲ ಒಂದು ಅವಾಂತರ ಆಗಿಯೇ ಆಗುತ್ತದೆ. ಆದರೆ ಭದ್ರಾವತಿಯ ಯಜಮಾನರೊಬ್ಬರು ನಗಿಸಿದ್ದನ್ನು ನೆನೆದರೆ ನನಗೆ ಇವತ್ತಿಗೂ ಅಳು ಬರುತ್ತದೆ.

ಟೀ ಬೇಕು

ಅವರು ಕಾರ್ಖಾನೆಯಿಂದ ನಿವೃತ್ತರಾದವರು. ಹೆಂಡತಿ ನಮ್ಮೂರಿನ ಆಸ್ಪತ್ರೆಯೊಂದರಲ್ಲಿದ್ದರು. “ಡಾಕ್ಟ್ರುಗಳು ನನ್ನೆದುರಿಗೇ ಇಂಗ್ಲಿಷಲ್ಲಿ ಮಾತಾಡ್ಕೋತಾರೆ ಮೇಡಂ. ಅವಳಿಗೆ ಏನಾಗಿದೆ ಅಂತ ನಂಗೆ ತಿಳೀಬೇಕು” ಎಂದು ಕ್ಲಾಸಿಗೆ ಸೇರಿದರು.

ಮಸ್ಟ್ ಅಂದರೆ ‘ಬೇಕು’ ಎಂದು ಹೇಳಿಕೊಟ್ಟೆ. ತಕ್ಷಣ ಎದ್ದು ನಿಂತರು.

“ಮೇಡಂ, ಐ ಮಸ್ಟ್ ಟೀ.”

“ಮಸ್ಟ್ ಆದ್ಮೇಲೆ ಏನಾದ್ರೂ ಒಂದು ಕೆಲಸ ಬರಬೇಕು ಯಜಮಾನ್ರೇ.”

“ರಿಟೈರ್ ಆಗಿದೀನಲ್ಲ ಮೇಡಂ, ಇನ್ನೆಲ್ಲಿ ಕೆಲಸ?”

ಯಾವಾಗ ಬೇಕಾದರೂ

ಮುಂದಿನ ಪಾಠ ‘ಮೇ’. ‘ಯು ಮೇ ಗೋ’ ಅಂದರೆ ನೀವು ಹೋಗಬಹುದು, ಅಪ್ಪಣೆ ಕೊಟ್ಟ ಹಾಗೆ ಎಂದಿದ್ದೆ. ಅದಾದ ಮೇಲೆ ಒಂದು ದಿನ ಅವರ ಹೆಂಡತಿಯನ್ನು ನೋಡಲು ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಆಕೆ ಜಡೆ ಹಾಕಿಕೊಂಡು, ಒಳ್ಳೆ ಸೀರೆ ಉಟ್ಟು ಮಂಚದ ಮೇಲೆ ಕೂತಿದ್ದರು. ಯಜಮಾನರು ಬ್ಯಾಗು ತುಂಬುತ್ತಿದ್ದರು.

“ದೊಡ್ಡ ಡಾಕ್ಟ್ರು ಚಿಕ್ಕ ಡಾಕ್ಟ್ರಿಗೆ ಹೇಳಿದ್ದು ನಾನೇ ಕೇಳಿಸ್ಕೊಂಡೆ ಮೇಡಂ. ಶಿ ಮೇ ಗೋ ಎನಿ ಟೈಮ್! ಏಳು ಮಾರಾಯ್ತಿ, ಪರ್ಮಿಶನ್ ಸಿಕ್ತು.”

ನಾನು ಹಣ್ಣಿನ ಚೀಲ ಹಿಡಿದೇ ನಿಂತುಬಿಟ್ಟೆ. ‘ಮೇ’ಗೆ ‘ಹೀಗೂ ಆಗಬಹುದು’ ಅಂತ ಇನ್ನೊಂದು ಅರ್ಥವಿದೆ; ಅದನ್ನು ನಾನಿನ್ನೂ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ನರ್ಸ್ ಬಂದು, “ಡಿಸ್ಚಾರ್ಜ್ ಇಲ್ಲ ಅಜ್ಜಿ, ಮಲ್ಕೊಳಿ” ಎಂದಳು. ಯಜಮಾನರು ಪೆಚ್ಚಾಗಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ನನ್ನ ಮುಖ ಓದಲು ಬಂತು. “ಹೋಗೋದು ಹೋಗೋದೇ ಅಲ್ವಾ ಮೇಡಂ? ಹಾಕ್ಕೊಂಡ ಜಡೆ ಹಂಗೇ ಇರ್ಲಿ ಬಿಡಿ” ಎಂದು ನಕ್ಕುಬಿಟ್ಟರು.

ಗೇಟಿನ ಹತ್ತಿರ

ಆಕೆ ಹೋದರು. ಭದ್ರಾವತಿಯ ಜನ್ನಾಪುರದಲ್ಲಿರುವ ಅವರ ಮನೆಗೆ ಮಾತಾಡಿಸಲು ಹೋಗಿದ್ದೆ. ಹೊರಡುವ ಹೊತ್ತಿಗೆ ಸುಮ್ಮನೆ ಎದ್ದೆ. ಸಾವಿನ ಮನೆಯಲ್ಲಿ ಯಾರೂ ‘ಬರ್ತೀನಿ’ ಅನ್ನುವುದಿಲ್ಲ.

ಯಜಮಾನರು ಗೇಟಿನ ತನಕ ಹಿಂದೆಯೇ ಬಂದರು. ಒಳಗೆ ನೆಂಟರು ತುಂಬಿದ್ದರೂ ಅವರು ಒಬ್ಬರೇ ಆಗಿಹೋಗಿದ್ದರು. ಯಾರಿಗೂ ಕೇಳಿಸದ ಹಾಗೆ ಹೇಳಿದರು:

“ಬರ್ತೀನಿ ಅನ್ಬಾರ್ದು ಮೇಡಂ, ನಂಗೊತ್ತು. ಐ ಮೇ ಕಮ್ ಅನ್ನಿ. ಬಂದ್ರೂ ಬರಬಹುದು ಅಂತ ತಾನೇ? ಇಂಗ್ಲಿಷಲ್ಲಿ ಅಂದ್ರೆ ದೋಷ ಇಲ್ಲ.”