ಅತ್ತೆಯವರು ಒರಗಿಕೊಂಡ ಗೋಡೆ

ನೆಟ್ಟಗೆ ಒಂದು ಮೊಳೆ ಹೊಡೆಯಬಲ್ಲ ಪ್ರಾಣಿ ಈ ಭೂಮಂಡಲದಲ್ಲಿ ಉಳಿದಿಲ್ಲವೆಂಬುದು ಗೋಡೆಪ್ಪನವರ ಅಚಲ ಅಭಿಪ್ರಾಯ. ಗೋಡೆಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಆಫೀಸಿನವರು ಬೆನ್ನ ಹಿಂದೆ ಕರೆಯುವುದು. ಮರದ ಮನೆಗಳಿಗೆ ಗೋಡೆ ಹೇಗಿರಬೇಕು, ಆ ಗೋಡೆಯನ್ನು ಪಾಯಕ್ಕೂ ಚಾವಣಿಗೂ ಯಾವ ಮೊಳೆ, ಯಾವ ಬೋಲ್ಟಿನಿಂದ ಬಿಗಿಯಬೇಕು ಎಂದು ಲೆಕ್ಕ ಹಾಕಿ ನಕ್ಷೆ ಬರೆಯುವುದು ಅವರ ಉದ್ಯೋಗ. ಯಾರ ಮನೆಗೆ ಹೋದರೂ ಮೊದಲು ಗೋಡೆ ತಟ್ಟುತ್ತಾರೆ, ಆಮೇಲೆ ಮನೆಯವರ ಯೋಗಕ್ಷೇಮ. (ತಟ್ಟಿದ ಮೇಲೆ ಮೂಗು ಮುರಿಯುವುದರಿಂದ ಎರಡನೆಯ ಸಲ ಯಾರೂ ಕರೆಯುವುದಿಲ್ಲ.)

ಇಂಥ ಮಹಾನುಭಾವರ ಮನೆಗೆ ಹೆಂಡತಿಯ ತಾಯಿ ಖಾಯಮ್ಮಾಗಿ ಬಂದು ಇರುವ ಮಾತು ಹುಟ್ಟಿತು. ಮಹಡಿಯ ಮೇಲೆ ಮರದ ಕೋಣೆಯೊಂದು ಖಾಲಿ ಬಿದ್ದಿತ್ತು. ಅದು ಹಿಡಿಸದಿದ್ದರೆ ಮಗನ ಮನೆ ಇದ್ದೇ ಇದೆ, ನೋಡಿಯೇ ತೀರ್ಮಾನಿಸುತ್ತೇನೆ ಎಂದು ಅತ್ತೆ ಒಂದು ಭಾನುವಾರ ಮಗನೊಡನೆ ಬಂದಿಳಿದರು. ಅತ್ತೆಗೆ ರೇಡಿಯೋ ಬೇಕು, ಅದೂ ಜೋರಾಗಿ. ಮಾತಿಗೆ ಜನ ಬೇಕು, ಅದೂ ಎದುರಿಗೇ. ಕೆಳಗಿನ ತಮ್ಮ ಓದುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದೊಂದೇ ಗೋಡೆಪ್ಪನವರಿಗೆ ಸಂಸಾರದಲ್ಲಿ ದಕ್ಕಿದ ಸುಖ. ಅದಕ್ಕೂ ಕಲ್ಲು ಬೀಳುವ ಲಕ್ಷಣ ಕಾಣಿಸಿತು.

ಆಗ ಹೊಳೆಯಿತು ಉಪಾಯ. ಮಹಡಿಯ ಕೋಣೆ ಕಟ್ಟಿದವನು ಅತ್ತೆಯ ಇದೇ ಮಗ, ಕಂಟ್ರಾಕ್ಟರ್ ಬಾವಮೈದ. ಆ ಕೋಣೆಯ ಮಾನ ಕಳೆದರೆ ಅತ್ತೆ ಮಗನ ಮನೆಯ ದಾರಿ ಹಿಡಿಯುತ್ತಾರೆ. (ಬಾವಮೈದನ ಮಾನವೂ ಹೋಗುತ್ತದೆ, ಅದು ಕೊಸರು.)

ಎಲ್ಲರೂ ಮಹಡಿ ಹತ್ತಿದ್ದೇ ತಡ, ಗೋಡೆಪ್ಪನವರು ಗೋಡೆಗೆ ಬೆರಳು ತಾಗಿಸಿ, ಕೊಳಕು ಮುಟ್ಟಿದವರ ಹಾಗೆ ಕೈ ಒರೆಸಿಕೊಂಡರು.

"ನೋಡಿ ಅತ್ತೆಯವರೇ, ಮೊಳೆ ಹೊಡೆಯೋ ಯಂತ್ರ ಕೈಗೆ ಸಿಕ್ತು ಅಂತ ಧಡಧಡ ಹೊಡೆದುಬಿಟ್ಟಿದ್ದಾನೆ. ಮೊಳೆ ತಲೆ ಹಲಗೆ ಒಳಗೇ ಮುಳುಗಿಹೋಗಿದೆ. ಹೀಗಾದ್ರೆ ಹಲಗೆ ಮೇಲ್ಪದರ ಹರಿಯುತ್ತೆ, ಮೊಳೆ ಹಿಡಿಯಲ್ಲ."

ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ಗಾಳಿ ಬಂದಾಗ ಚಾವಣಿ ಗೋಡೆಯ ಕೈ ಹಿಡಿದಿರಬೇಕು, ಗೋಡೆ ನೆಲದ ಕೈ ಹಿಡಿದಿರಬೇಕು, ಹೀಗೇ ಪಾಯದವರೆಗೂ. ಇಲ್ಲಿ ಯಾರೂ ಯಾರ ಕೈಯನ್ನೂ ಹಿಡಿದಿಲ್ಲ ಎಂದರು. ಗೋಡೆ ಕೊರೆದು ಕಿಟಕಿ ಇಟ್ಟಿದ್ದಾನೋ, ಕಿಟಕಿಗಳ ನಡುವೆ ಮರೆತು ಗೋಡೆ ಬಿಟ್ಟಿದ್ದಾನೋ ಎಂದು ನಕ್ಕರು. ಇಷ್ಟು ವರ್ಷ ನಿಂತಿದೆಯಲ್ಲ ಭಾವ ಎಂದು ಬಾವಮೈದ ಮುಖ ಸಣ್ಣದು ಮಾಡಿಕೊಂಡ.

"ನಿಂತಿದೆ ಕಣಯ್ಯಾ, ಅಭ್ಯಾಸಬಲದಿಂದ."

ಹೆಂಡತಿಗೆ ರೇಗಿತು. "ರೀ, ಇಷ್ಟು ವರ್ಷ ಇದರ ಕೆಳಗೇ ಅಡುಗೆ ಮಾಡ್ಕೊಂಡು ಬಂದೆನಲ್ಲ, ಆಗ ನಿಮ್ಮ ಬಾಯಿಗೆ ಏನಾಗಿತ್ತು?"

ಗೋಡೆಪ್ಪನವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆಯ ಮುಖ ಬಿಳಿಚಿಕೊಂಡಿತ್ತು, ಅವರಿಗೆ ಅಷ್ಟೇ ಬೇಕಿತ್ತು. ಮಗ ತಾನಿರುವ ಮನೆಯನ್ನೂ ತಾನೇ ಕಟ್ಟಿಕೊಂಡಿದ್ದಾನಲ್ಲ, ಅದು ಹೇಗೆ ಎಂದು ಅತ್ತೆ ಮೆಲ್ಲಗೆ ಕೇಳಿದರು. ಇಲ್ಲಿ ಬುದ್ಧಿಯಿರುವ ಯಾರೇ ಆದರೂ ಆ ಮನೆಯನ್ನು ಹೊಗಳುತ್ತಿದ್ದರು. ಆದರೆ ತಾತ್ಸಾರವೆಂಬುದು ಇಳಿಜಾರಿಗೆ ಬಿದ್ದ ಗಾಡಿ, ನಡುವೆ ನಿಲ್ಲುವುದಿಲ್ಲ.

"ಅದಾ? ಅದು ಇದಕ್ಕಿಂತ ಅತ್ತತ್ತ," ಎಂದುಬಿಟ್ಟರು.

"ಹಾಗಾದ್ರೆ ನಂಬಿ ಇರೋಂಥ ಗೋಡೆ ಅನ್ನೋದು ಎಲ್ಲೂ ಇಲ್ವೇ, ಅಳಿಯಂದಿರೇ?"

ಇಲ್ಲ ಎಂದಿದ್ದರೆ ಮುಗಿದಿತ್ತು. ಗೋಡೆಪ್ಪನವರ ಎದೆ ಉಬ್ಬಿತು. ಅತ್ತೆಯನ್ನು ಕೈಹಿಡಿದು ಕೆಳಗಿಳಿಸಿ, ತಾವೇ ಬಡಗಿಯ ತಲೆಯ ಮೇಲೆ ಕೂತು ಕಟ್ಟಿಸಿದ ತಮ್ಮ ಓದುವ ಕೋಣೆಗೆ ಕರೆದೊಯ್ದರು. ಮೂಲೆಮೂಲೆಗೆ ಬಿಗಿದ ಕಬ್ಬಿಣದ ಪಟ್ಟಿ ತೋರಿಸಿದರು, ಪಾಯದೊಳಕ್ಕೆ ಇಳಿದ ಬೋಲ್ಟು ತೋರಿಸಿದರು, ಹೆಗಲು ಕೊಟ್ಟು ಗೋಡೆಯನ್ನು ನೂಕಿ ತೋರಿಸಿದರು. ಪ್ರಳಯವಾದರೂ ಈ ಕೋಣೆ ಮಿಸುಕಾಡುವುದಿಲ್ಲ ಎಂದು ಸಾರಿದರು. ಅತ್ತೆ ಒಂದು ಸಲ ಗೋಡೆ ತಟ್ಟಿದರು, ಅಳಿಯನ ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆದುಕೊಂಡು ಕೂತರು, ಹಾಯಾಗಿ ಗೋಡೆಗೆ ಒರಗಿಕೊಂಡರು.

"ನನ್ನ ಹಾಸಿಗೆ ಇಲ್ಲೇ ಹಾಕಮ್ಮಾ," ಎಂದರು ಮಗಳಿಗೆ.

ಹಾಸಿಗೆ ಬಂತು. ರೇಡಿಯೋ ಬಂತು. ಮಹಡಿಯ ಕೋಣೆ ಅಷ್ಟೇನೂ ಕೆಟ್ಟದ್ದಲ್ಲ ಎಂದು ಗೋಡೆಪ್ಪನವರು ತೊದಲಿದರು. ಹೆಂಡತಿ ಕೇಳುವವಳಲ್ಲ. ಅಂಥ ಅಪಾಯವನ್ನು ತಲೆಯ ಮೇಲೆ ಯಾಕೆ ಇಟ್ಟುಕೊಳ್ಳಬೇಕು, ತಮ್ಮನಿಗೆ ಹೇಳಿ ನಾಳೆಯೇ ಕೆಡವಿಸೋಣ, ನಿಮ್ಮ ಮೇಜು ಅಡುಗೆಮನೆ ಮೂಲೆಯಲ್ಲಿ ಹಿಡಿಸುತ್ತದೆ ಎಂದಳು.

ಅಡುಗೆಮನೆ ಮೂಲೆ ಎಂದೊಡನೆ ಗೋಡೆಪ್ಪನವರ ವಿದ್ಯೆಯೆಲ್ಲ ಇಳಿದುಹೋಯಿತು. ಎಲ್ಲರನ್ನೂ ಮತ್ತೆ ಮಹಡಿ ಹತ್ತಿಸಿದರು. ಅತ್ತೆ ಮಾತ್ರ ಕೋಣೆಯೊಳಗೆ ಕಾಲಿಡದೆ ಕೊನೆಯ ಮೆಟ್ಟಿಲಲ್ಲೇ ನಿಂತರು. ಮೊಳೆ ಮುಳುಗಿದ್ದರೇನು, ಎಣಿಕೆಯಲ್ಲಿ ಧಾರಾಳವಾಗಿವೆ. ಕಿಟಕಿ ಹೆಚ್ಚಾದರೇನು, ಬೆಳಕು ಚೆನ್ನಾಗಿದೆ. ಒಟ್ಟಿನಲ್ಲಿ ಹುಡುಗ ಒಳ್ಳೆಯ ಕೆಲಸಗಾರ ಎಂದು ಗೋಡೆಪ್ಪನವರು ಗೋಡೆಯನ್ನು ಸವರಿದರು. ಸರಿಯಾಗಿ ಕೇಳಿಸಲಿಲ್ಲ ಭಾವ ಎಂದ ಬಾವಮೈದ. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು.

"ಈ ಗೋಡೆಗೆ ಏನೂ ಆಗಲ್ಲ ಅತ್ತೆಯವರೇ, ನನ್ನ ಮಾತು ನಂಬಿ. ನೀವು ನಿಶ್ಚಿಂತೆಯಾಗಿ ಇಲ್ಲೇ ಇರಬಹುದು."

ಅತ್ತೆ ಚಾವಣಿಯನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು.

"ಮೊದಲು ನೀವೇ ಒಂದೆರಡು ಮಳೆಗಾಲ ಇದ್ದು ನೋಡಿ, ಅಳಿಯಂದಿರೇ. ನೀವು ಉಳಿದ್ರೆ ನಾನು ಯೋಚನೆ ಮಾಡ್ತೀನಿ."