ಚೆಲ್ಲಬಾರದ ನೀರು

ಸುನಿತಾ ಅಂಗಳ ಸಾರಿಸಿ, ರಂಗೋಲಿ ಎಳೆದು, ಜಗುಲಿಯ ಮೇಲಿನ ಗುಡಾಣಕ್ಕೆ ನೀರು ತುಂಬುತ್ತಿದ್ದಳು. ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರು. "ಚೆಲ್ಲಬಾರ್ದು ಕೂಸೆ, ಗಂಗವ್ವ ಮುನಿಸ್ಕಂತಾಳೆ" ಎಂದು ಅವಳು ದಿನಾ ಹೇಳುವ ಪಾಠವನ್ನು ಐದು ವರ್ಷದ ಮಗಳು ಆಶಾ ಅಂಗನವಾಡಿಯ ಪದ್ಯಕ್ಕಿಂತ ಚೆನ್ನಾಗಿ ಕಲಿತಿದ್ದಳು. ಇನ್ನೊಂದು ಬಿಂದಿಗೆ ಸುರಿದರೆ ಗುಡಾಣ ತುಂಬಬೇಕು, ಅಷ್ಟರಲ್ಲಿ ಮನೆ ಮುಂದೆ ಬಿಳಿ ಜೀಪು ನಿಂತಿತು.

ಇಸ್ತ್ರಿ ಅಂಗಿಯವನೊಬ್ಬ ಇಳಿದ. ಕೈಯಲ್ಲಿ ತುಂಬಿದ ನೀರಿನ ಬಾಟಲಿ. ಮುಖ ಮಾತ್ರ ಸಂತೆ ಮುಗಿದ ಮೇಲೆ ಉಳಿದ ಬದನೆಕಾಯಿ.

"ತಾಯೀ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?"

ನೀರು ಹಿಡಿದುಕೊಂಡೇ ನೀರು ಕೇಳುತ್ತಾನಲ್ಲ ಎಂದು ಸುನಿತಳಿಗೆ ಅನ್ನಿಸಿತು. ಆದರೂ ಬಾಗಿಲಿಗೆ ಬಂದವರಿಗೆ ಬರೀ ನೀರು ಕೊಡುವ ಮನೆಯಲ್ಲ ಅದು. "ಕುಂತ್ಕಳ್ರಿ ಅಣ್ಣಾ, ಬೆಲ್ಲ ತರ್ತೀನಿ" ಎಂದು ಬಿಂದಿಗೆ ಕೆಳಗಿಟ್ಟು ಒಳಗೆ ಹೋದಳು. ಬೆಲ್ಲದ ಡಬ್ಬಿಯಲ್ಲಿ ಇರುವೆಗಳ ಸಂಸಾರ. ಅವನ್ನು ಕೊಡವಿ ಹೊರಗೆ ಬರುವಷ್ಟರಲ್ಲಿ ಆತ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ಬೆಲ್ಲ ತಿಂದ, ಬಿಂದಿಗೆಯಿಂದ ಲೋಟ ತುಂಬಾ ನೀರು ಕುಡಿದ, ಕೈಮುಗಿದ.

"ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ ತಾಯೀ."

ಒಂದು ಲೋಟ ನೀರಿಗೆ ಇಷ್ಟು ದೊಡ್ಡ ಮಾತೇ! ಸುನಿತಳ ಕಣ್ಣು ತುಂಬಿ ಬಂತು.

"ಅವ್ವಾ, ಆ ಮಾವ..." ಎಂದಳು ಆಶಾ.

"ದೊಡ್ಡೋರ ಮುಂದೆ ಮಾತಾಡಬಾರ್ದು ಕೂಸೆ."

ಜೀಪು ತಿರುವು ದಾಟುವ ಮೊದಲೇ ಎದುರು ಮನೆಯ ನಾಗಕ್ಕ ಪೊರಕೆ ಹಿಡಿದುಕೊಂಡೇ ಬಂದಳು.

"ಏನೇ ಸುನಿತಾ, ಅವನ್ಯಾರು ಗೊತ್ತೇನೆ? ಕಾರ್ಖಾನೆ ಸಾಹೇಬ ಚಂದ್ರಶೇಖರ!"

ಸುನಿತಾ ಜೀಪು ಹೋದ ತಿರುವಿನ ಕಡೆ ತಿರುಗಿ ನೋಡಿದಳು. ಊರಿನ ಕುರಿ ಮೇಯುವ ಕಾವಲಿನಲ್ಲಿ ಅದಿರು ತೊಳೆಯುವ ಕಾರ್ಖಾನೆ ಬರುವುದಿತ್ತು. ತೊಳೆದು ಉಳಿದ ಕಸ ಸಾವಿರಾರು ವರ್ಷ ವಿಕಿರಣ ಬಿಡುತ್ತದಂತೆ. ಅದು ನೀರಿಗೆ ಸೇರಿದರೆ ಕುರಿ, ಶೇಂಗಾ, ಹೊಟ್ಟೆಯೊಳಗಿನ ಕೂಸು, ಯಾವುದಕ್ಕೂ ಕ್ಷೇಮವಿಲ್ಲವಂತೆ. ಅದಕ್ಕೇ ಮೊನ್ನೆ ಮಾರಮ್ಮನ ಗುಡಿ ಮುಂದೆ ಊರೆಲ್ಲ ಕರ್ಪೂರ ಮುಟ್ಟಿ ಆಣೆ ಮಾಡಿತ್ತು: ಕಾರ್ಖಾನೆಯವರಿಗೆ ಒಂದು ಹನಿ ನೀರೂ ಕೊಡಬಾರದು. ಇವಳು ಬೆಲ್ಲ ಬೇರೆ ಕೊಟ್ಟಿದ್ದಳು.

ಸುದ್ದಿಗೆ ಕಾಲು ಬಂತು. ಪಾಲಾಕ್ಷನ ಹೋಟೆಲಿನಲ್ಲಿ ಬೆಲ್ಲ ಹೋಳಿಗೆಯಾಯಿತು, ಹಿಟ್ಟಿನ ಗಿರಣಿಯಲ್ಲಿ ಹೋಳಿಗೆಗೆ ತುಪ್ಪ ಬಿತ್ತು. ಬಸ್ ಸ್ಟ್ಯಾಂಡ್ ಮುಟ್ಟುವಾಗ ಸುನಿತಳ ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸವೇ ಆಗಿಬಿಟ್ಟಿತ್ತು. ಪಕ್ಕದ ತಳಕು ಊರಿಗೆ ಹೊರಟಿದ್ದ ಗಂಡ ಮಹಾಂತೇಶ ಅರ್ಧ ದಾರಿಯಿಂದ ಓಡಿ ಬಂದ.

"ಲೇ, ನನಗೆ ಕೆಲಸ ಸಿಕ್ಕೈತಂತೆ, ಯಾವತ್ತಿಂದ ಹೋಗ್ಬೇಕು?"

ಸುನಿತಾ ಗೊಳೋ ಎಂದು ಅತ್ತಳು. ಊರು ತನ್ನನ್ನು ಹೊರಗಿನವಳೆಂದು ಬಿಟ್ಟರೆ? ಮುಂದಿನ ಸಲ ನಲ್ಲಿಯ ಸಾಲಿನಲ್ಲಿ ಯಾರ ಮುಖ ನೋಡುವುದು? ಹೋರಾಟದ ಹಿರಿಯ ಕೊಟ್ಟೂರಪ್ಪನವರ ಮುಂದೆ ಹೋಗಿ ನಿಂತಳು.

"ಗೊತ್ತಿಲ್ದೆ ಕೊಟ್ಟೆ ಕಣ್ರಿ ಯಜಮಾನ್ರೇ."

"ಆಣೆ ಮುರಿದ ಮ್ಯಾಲೆ ತಪ್ಪುಕಾಣಿಕೆ ಕೊಡಬೇಕಮ್ಮ," ಎಂದರು ಕೊಟ್ಟೂರಪ್ಪ. "ಮಧ್ಯಾಹ್ನ ಕಾರ್ಖಾನೆಯೋರು ಕರೆದಿರೋ ಸಭೆಗೆ ಬಂದೋರಿಗೆಲ್ಲಾ ಮಜ್ಜಿಗೆ ಕೊಡು. ಅಲ್ಲಿಗೆ ಮುಗೀತು."

ಸುನಿತಾ ಮನಸ್ಸಿನಲ್ಲೇ ಆ ಹಿರಿಯರ ಕಾಲಿಗೆ ಬಿದ್ದಳು. ಮನೆಯ ಮೊಸರೆಲ್ಲ ಕಡೆದಳು, ಶುಂಠಿ, ಹಸಿಮೆಣಸು, ಕೊತ್ತಂಬರಿ ಜಜ್ಜಿ ಹಾಕಿದಳು, ಗುಡಾಣದ ತಣ್ಣೀರು ಬೆರೆಸಿದಳು. "ಅವ್ವಾ, ಆ ನೀರು..." ಎಂದು ಆಶಾ ಸೆರಗು ಜಗ್ಗಿದಳು. "ಆಮೇಲೆ ಕೇಳು ಬಂಗಾರ, ಹೊತ್ತಾತು."

ಬೇವಿನ ಮರದಡಿ ಸಭೆ ತುಂಬಿತ್ತು. ಚಂದ್ರಶೇಖರ ಬಾಟಲಿ ಎತ್ತಿ ಹಿಡಿದ.

"ಇದು ನಮ್ಮ ಇನ್ನೊಂದು ಕಾರ್ಖಾನೆ ಶುದ್ಧ ಮಾಡಿ ಹೊರಗೆ ಬಿಡೋ ನೀರು. ಭಯ ಪಡ್ತೀರಲ್ಲ, ನೋಡಿ!" ಎಂದವನೇ ಗಟಗಟನೆ ಕುಡಿದು ಬಾಟಲಿ ಬೋರಲು ಮಾಡಿದ.

ಜನ ಬಾಯಿ ತೆರೆದು ಕೂತರು. "ಕುಡಿದೇ ಬಿಟ್ನಲ್ಲಪ್ಪಾ!" ಕೊಟ್ಟೂರಪ್ಪ ಬರೆದು ತಂದಿದ್ದ ಪ್ರಶ್ನೆಗಳನ್ನು ಮಡಿಚಿ ಜೇಬಿಗಿಟ್ಟರು.

ಅಷ್ಟರಲ್ಲಿ ಮಜ್ಜಿಗೆ ಹಂಚಿಕೆಯಾಯಿತು. ಬಿಸಿಲಿಗೆ ಬೆಂದ ಜನ ಹೀರಿದರು. "ನಿನ್ನ ಹೊಟ್ಟೆ ತಣ್ಣಗಿರಲವ್ವ," ಎಂದಳು ನಾಗಕ್ಕ, ಮೂರನೆಯ ಲೋಟ ಒಡ್ಡುತ್ತಾ. "ಬೆಳಗ್ಗೆ ಬೈದಿದ್ದು ಮನಸ್ಸಿಗೆ ಹಚ್ಕಬೇಡ." ಸುನಿತಾ ಮಾರಮ್ಮನಿಗೆ ಕೈಮುಗಿದಳು. ಊರು ತನ್ನನ್ನು ಮತ್ತೆ ಒಳಗೆ ಸೇರಿಸಿಕೊಂಡಿತು, ಇನ್ನೇನು ಬೇಕು?

ಸಾಹೇಬನಿಗೂ ಒಂದು ಲೋಟ ಕೊಟ್ಟಳು. ಆಣೆಯ ಮಾತು ಈಗ ಯಾರಿಗೂ ನೆನಪಿರಲಿಲ್ಲ. ಆತ ತುಟಿಗೆ ಮುಟ್ಟಿಸುವ ಮೊದಲು ನಗುತ್ತಾ ಕೇಳಿದ, "ಎಷ್ಟು ತಣ್ಣಗಿದೆ! ಯಾವ ನೀರು ತಾಯೀ?"

"ನಮ್ಮ ಜಗುಲಿ ಗುಡಾಣದ್ದು ಅಣ್ಣಾ."

ಸಾಹೇಬನ ಕೈ ಗಾಳಿಯಲ್ಲೇ ನಿಂತಿತು. ಲೋಟವನ್ನು ಹಾವಿನ ಮರಿಯಂತೆ ಮೆಲ್ಲಗೆ ಮೇಜಿನ ಮೇಲಿಟ್ಟ.

ಆಶಾ ಇನ್ನು ತಡೆಯಲಿಲ್ಲ. ಬೆಂಚು ಹತ್ತಿ ನಿಂತಳು.

"ಅವ್ವಾ, ಈ ಮಾವ ಬೆಳಗ್ಗೆ ಬಾಟ್ಲಿ ನೀರು ಚೆಲ್ಲಾಕೆ ಹೋದ್ರು. ಚೆಲ್ಲಬಾರ್ದು, ಗಂಗವ್ವ ಮುನಿಸ್ಕಂತಾಳೆ ಅಂತ ನಾನೇ ಹೇಳ್ದೆ. ಅದಕ್ಕೇ ನಮ್ಮ ಗುಡಾಣಕ್ಕೆ ಹುಯ್ದ್ರು. ಆಮೇಲೆ ನಮ್ಮ ಬಿಂದಿಗೆ ನೀರು ಬಾಟ್ಲಿಗೆ ತುಂಬ್ಕಂಡ್ರು."

ನೂರಾರು ಲೋಟಗಳು ತುಟಿಗಂಟಿಕೊಂಡೇ ನಿಂತವು. ನಾಗಕ್ಕನ ಗಂಟಲಲ್ಲಿ ನಾಲ್ಕನೆಯ ಲೋಟದ ಗುಟುಕು ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ಅಷ್ಟೂ ಕಣ್ಣು ಮೊದಲು ಸಾಹೇಬನ ಕಡೆ, ಆಮೇಲೆ ನಿಧಾನವಾಗಿ ಸುನಿತಳ ಕಡೆ ತಿರುಗಿದವು.

ಆಶಾ ಬೆಳಗಿನಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಜೋರಾಗಿ ಕೇಳಿದಳು:

"ಮಾವಾ, ಅದು ಅಷ್ಟು ಒಳ್ಳೆ ನೀರಾದ್ರೆ ನೀವ್ಯಾಕೆ ನಮ್ಮನೆ ನೀರು ಕುಡಿದ್ರಿ?"